ಲಾರಿ ಟೈರಿನೊಳಗೆ ಬ್ಯಾಲೆನ್ಸಿಂಗ್ ಮಣಿಗಳು: ಹೊಸ ಟೈರಿನಿಂದ ರೀಸೋಲ್ ತನಕದ ಅನುಭವ

ಚಕ್ರ ಅದುರದೆ ತಿರುಗಲೆಂದು, ಅಂದರೆ ಬ್ಯಾಲೆನ್ಸಿಂಗ್‌ಗೆಂದು, ಲಾರಿಯ ಮುಂದಿನ ಚಕ್ರಗಳ ರಿಮ್ಮಿಗೆ ತೂಕ ಹೊಡೆಸುವುದನ್ನು ನಾನು ನಿಲ್ಲಿಸಿದ್ದೇನೆ. ಅದರ ಬದಲು ಟೈರಿನೊಳಗೆ ಗಾಜಿನ ಮಣಿಗಳನ್ನು ಹಾಕಿಸಿ, ಆ ಜೊತೆ ಟೈರು ಸವೆದು ರೀಸೋಲ್‌ಗೆ (ಸವೆದ ಟೈರಿಗೆ ಹೊಸ ರಬ್ಬರ್ ಪದರ ಕೂರಿಸಲು) ಹೋಗುವವರೆಗೂ ಓಡಿಸಿದೆ. ನಂತರದ ಜೊತೆಗೂ ಅದನ್ನೇ ಹಾಕಿಸಿದ್ದೇನೆ. ನನ್ನ ಅಭಿಪ್ರಾಯ ಏನೆಂಬುದು ಇಷ್ಟರಲ್ಲೇ ತಿಳಿಯುತ್ತದೆ. ಆದರೆ ಮಾರುವವರ ಮಾತನ್ನೆಲ್ಲ ನಂಬಿ ಕೊಂಡು, ಆಮೇಲೆ ಬೈದುಕೊಂಡವರನ್ನೂ ಕಂಡಿದ್ದೇನೆ. ಈ ಮಣಿಗಳು ಎಲ್ಲಿ ಕೈ ಹಿಡಿಯುತ್ತವೆ, ಎಲ್ಲಿ ಕೈ ಕೊಡುತ್ತವೆ ಎಂಬುದನ್ನು ಬಿಡಿಸಿ ಹೇಳುವುದು ಅಗತ್ಯ.

ಮಣಿಗಳು ಸಾಸಿವೆ ಕಾಳಿನಷ್ಟು ಸಣ್ಣವು. ಗಾಜಿನವು, ಸೆರಾಮಿಕ್‌ನವು ಹೆಚ್ಚು ಬಳಕೆಯಲ್ಲಿವೆ. 22.5 ಇಂಚಿನ ರಿಮ್ಮಿನ ಲಾರಿ ಟೈರಿಗೆ ಸುಮಾರು 300 ಗ್ರಾಂ ಬೇಕಾಗುತ್ತದೆ. ಸರಿಯಾದ ಪ್ರಮಾಣವನ್ನು ಟೈರಿನ ಅಳತೆಗೆ ತಕ್ಕಂತೆ ತಯಾರಕರೇ ಪಟ್ಟಿಯಲ್ಲಿ ಕೊಟ್ಟಿರುತ್ತಾರೆ. ಟೈರ್ ಕೂರಿಸುವ ಮೊದಲೇ ಒಳಗೆ ಸುರಿಯಬಹುದು, ಅಥವಾ ವಾಲ್ವಿನ ಪಿನ್ ತೆಗೆದು ಅದರ ಮೂಲಕವೂ ಇಳಿಸಬಹುದು. ಎರಡನೆಯದು ನಿಧಾನದ ಕೆಲಸ, ತಾಳ್ಮೆ ಬೇಕು. ಹಾಕಿದ ಮೇಲೆ ಚಕ್ರವನ್ನು ಕೈಯಿಂದ ಉರುಳಿಸಿದರೆ ಒಳಗೆ ಸರಸರ ಎಂದು ಜಾರುವ ಸದ್ದು ಕೇಳಿಸುತ್ತದೆ. ಲಾರಿ ಓಡುವಾಗ ಆ ಸದ್ದು ಇರುವುದಿಲ್ಲ. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಆಸುಪಾಸು ದಾಟುತ್ತಿದ್ದಂತೆಯೇ ಕೇಂದ್ರಾಪಗಾಮಿ ಬಲ ಗುರುತ್ವವನ್ನು ಮೀರಿ, ಮಣಿಗಳು ಟೈರಿನ ಒಳಮೈಗೆ ಒತ್ತಿಕೊಳ್ಳಲು ತೊಡಗುತ್ತವೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಈ ಬಲ ಗುರುತ್ವದ ನೂರು ಪಟ್ಟು ಆಗುತ್ತದೆ. ಅಂದರೆ ಟೈರಿನ ಒಂದು ಕಡೆ ನೂರು ಗ್ರಾಂ ಹೆಚ್ಚಿದ್ದರೆ ಅದು ಸುಮಾರು ಹತ್ತು ಕಿಲೋ ಭಾರದಂತೆ, ಸೆಕೆಂಡಿಗೆ ಏಳು ಬಾರಿ, ಚಕ್ರವನ್ನು ಸುತ್ತಲೂ ಜಗ್ಗುತ್ತಿರುತ್ತದೆ. ಸ್ಟೇರಿಂಗ್ ಹಿಡಿದ ಕೈಗಳು ದಿನದ ಕೊನೆಗೆ ಜೋಮು ಹಿಡಿಯುವುದು ಸುಮ್ಮನೆ ಅಲ್ಲ.

ಯಂತ್ರದ ಮೇಲೆ ತಿರುಗಿಸಿ ತೂಕ ಹೊಡೆದರೂ ಇದು ಸರಿಯಾಗುತ್ತದೆ, ನಿಜ. ಒಳ್ಳೆಯ ಕೆಲಸಗಾರ ಮಾಡಿದ ಬ್ಯಾಲೆನ್ಸಿಂಗ್ ಮೊದಲ ದಿನ ಮಣಿಗಳಿಗಿಂತ ಚೊಕ್ಕವಾಗಿರುತ್ತದೆ ಎಂದೇ ನನ್ನ ಅನುಭವ. ತೊಂದರೆ ಶುರುವಾಗುವುದು ಆಮೇಲೆ. ಒಂದು ಲಾರಿ ಟೈರು ತನ್ನ ಆಯುಷ್ಯದಲ್ಲಿ ಐದಾರು ಕಿಲೋ ರಬ್ಬರನ್ನು ರಸ್ತೆಗೆ ಕೊಟ್ಟಿರುತ್ತದೆ. ಅದು ಎಲ್ಲ ಕಡೆ ಒಂದೇ ಸಮ ಸವೆಯುವುದೂ ಇಲ್ಲ. ಜೋರಾಗಿ ಬ್ರೇಕ್ ಹಾಕಿದ ಕಡೆ ಒಂದಿಷ್ಟು ಹೆಚ್ಚು, ಕಲ್ಲು ಕಿತ್ತ ಕಡೆ ಇನ್ನೊಂದಿಷ್ಟು. ಹೊಸ ಟೈರಿಗೆಂದು ರಿಮ್ಮಿನ ಅಂಚಿಗೆ ಸಿಕ್ಕಿಸಿದ ತೂಕ ಮಾತ್ರ ಕೂತಲ್ಲೇ ಕೂತಿರುತ್ತದೆ, ಇಲ್ಲವೇ ಯಾವುದೋ ಗುಂಡಿಯಲ್ಲಿ ಉದುರಿ ಹೋಗಿರುತ್ತದೆ. ಅರ್ಧ ಸವೆದ ಟೈರನ್ನು ಬಿಚ್ಚಿ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುವ ಲಾರಿಯವರು ಎಷ್ಟು ಮಂದಿ? ಮಣಿಗಳು ಪ್ರತಿ ಸಲ ಲಾರಿ ನಿಂತಾಗ ಕೆಳಗೆ ಬಿದ್ದು, ಹೊರಟಾಗ ಆ ದಿನದ ಟೈರಿಗೆ ತಕ್ಕಂತೆ ಹೊಸದಾಗಿ ಹಂಚಿಕೊಳ್ಳುತ್ತವೆ. ರಿಮ್ಮಿನೊಳಗೆ ಮೆತ್ತಿದ ಕೆಸರಿನ ಭಾರಕ್ಕೂ ಹೊಂದಿಕೊಳ್ಳುತ್ತವೆ. ನನಗೆ ಇವುಗಳಲ್ಲಿ ಹಿಡಿಸಿದ್ದು ಇದೊಂದೇ ಗುಣ, ಆದರೆ ದೊಡ್ಡ ಗುಣ.

ಹಂಚಿಕೊಳ್ಳುತ್ತವೆ ಎಂದರೆ ಹೇಗೆ? ಭಾರದ ಕಡೆಗೇ ಹೋಗಿ ಸೇರಬೇಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ತೂಗಾಟಕ್ಕೆ ಅವಕಾಶವಿರುವ ಚಕ್ರಕ್ಕೆ ಒಂದು ಸ್ವಾಭಾವಿಕ ಕಂಪನ ವೇಗ ಇರುತ್ತದೆ. ತಿರುಗುವ ವೇಗ ಅದನ್ನು ಮೀರಿದಾಗ ಚಕ್ರ ಸರಿಯುವ ದಿಕ್ಕು ಭಾರದ ಬಿಂದುವಿಗೆ ವಿರುದ್ಧವಾಗುತ್ತದೆ. ಆಗ ಹಗುರವಾದ ಕಡೆಯೇ ತಿರುಗುವ ನಡುವಿನಿಂದ ಹೆಚ್ಚು ದೂರ ಉಳಿಯುತ್ತದೆ, ಮಣಿಗಳು ದೂರದ ಜಾಗ ಹುಡುಕಿಕೊಂಡು ಅಲ್ಲಿಗೇ ಹೋಗುತ್ತವೆ. ಬಟ್ಟೆ ಒಗೆಯುವ ಯಂತ್ರಗಳ ಡ್ರಮ್ಮಿಗೆ ದ್ರವ ತುಂಬಿದ ಬಳೆ ಕೂರಿಸುವುದು, ಕಂಪ್ಯೂಟರಿನ ಡಿಸ್ಕ್ ಡ್ರೈವ್‌ಗಳಲ್ಲಿ ಪುಟ್ಟ ಗುಂಡುಗಳನ್ನು ಇಡುವುದು ಇದೇ ತತ್ವದ ಮೇಲೆ. ವೇಗ ಆ ಮಿತಿಗಿಂತ ಕಡಿಮೆ ಇದ್ದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಲಾರಿಯ ಆಕ್ಸಲ್ ಟೈರಿನ ಮೇಲೆ ಕುಪ್ಪಳಿಸುವ ಸ್ವಾಭಾವಿಕ ವೇಗ ಸೆಕೆಂಡಿಗೆ ಹತ್ತರ ಆಸುಪಾಸು, ಚಕ್ರ 80ರ ವೇಗದಲ್ಲಿ ತಿರುಗುವುದು ಸೆಕೆಂಡಿಗೆ ಏಳು ಸುತ್ತು. ಅಂದರೆ 80ರಲ್ಲೂ ಚಕ್ರ ಆ ಮಿತಿಯನ್ನು ದಾಟಿರುವುದಿಲ್ಲ. ಹಾಗಾಗಿ ಈ ಮಣಿಗಳನ್ನು ಅನುಮಾನಿಸುವವರ ಮಾತು ಹುರುಳಿಲ್ಲದ ಮಾತಲ್ಲ. ಮಧ್ಯಮ ವೇಗದಲ್ಲಿ, ಹೊರಟ ಸ್ವಲ್ಪ ಹೊತ್ತು, ಸ್ಟೇರಿಂಗ್‌ನಲ್ಲಿ ಸಣ್ಣ ಅದುರು ಇರುವುದನ್ನು ನಾನೂ ಗಮನಿಸಿದ್ದೇನೆ. ಹೆದ್ದಾರಿಯಲ್ಲಿ ಒಂದೇ ವೇಗ ಹಿಡಿದ ಮೇಲೆ ಅದು ಇಳಿಯುತ್ತದೆ. ದೊಡ್ಡ ಗುಂಡಿಗೆ ಬಿದ್ದರೆ ಮಣಿಗಳು ಚದುರಿ ಕ್ಷಣಕಾಲ ಮತ್ತೆ ಅದುರುತ್ತದೆ, ಮತ್ತೆ ಕೂರುತ್ತದೆ.

ನನಗೆ ಕೊನೆಯ ಸಾಕ್ಷಿ ಟ್ರೆಡ್, ಅಂದರೆ ಟೈರಿನ ರಸ್ತೆಗೆ ತಾಗುವ ಮೈ. ಮುಂದಿನ ಟೈರಿನ ಮೇಲೆ ಅಂಗೈಯನ್ನು ಒತ್ತಿ, ಮೊದಲು ಒಂದು ದಿಕ್ಕಿಗೆ, ಆಮೇಲೆ ಎದುರು ದಿಕ್ಕಿಗೆ ಎಳೆದು ನೋಡಿ. ಬ್ಯಾಲೆನ್ಸ್ ತಪ್ಪಿ ಓಡಿದ ಟೈರಿನಲ್ಲಿ, ಅದರಲ್ಲೂ ಭುಜದ ಅಂಚಿನಲ್ಲಿ, ಅಲ್ಲಲ್ಲಿ ತಗ್ಗು ಸಿಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯುತ್ತದೆ. ತೂಕ ಹೊಡೆಸಿ ಓಡಿಸುತ್ತಿದ್ದ ಕಾಲದಲ್ಲಿ ಟೈರು ಅರ್ಧ ಸವೆಯುವ ಹೊತ್ತಿಗೆ ಈ ತಗ್ಗುಗಳು ಬಂದೇ ಬರುತ್ತಿದ್ದವು, ಟೈರನ್ನು ಹಿಂದಕ್ಕೆ ಹಾಕಬೇಕಾಗುತ್ತಿತ್ತು. ಮಣಿ ಹಾಕಿದ ಜೊತೆಯಲ್ಲಿ ಕೊನೆಯವರೆಗೂ ಅಂಗೈ ನುಣ್ಣಗೆ ಜಾರಿತು. ಅದೇ ಲಾರಿ, ಅದೇ ದಾರಿಗಳು. ಹೊಸ ಟೈರಿನ ಹುರುಪಿನಲ್ಲಿ ಮಾಡಿದ ಹೊಗಳಿಕೆಗಿಂತ ಈ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆದರೆ ಎಲ್ಲ ಅದುರೂ ಬ್ಯಾಲೆನ್ಸಿನದಲ್ಲ. ನನಗಿಂತ ಕಿರಿಯನಾದ ಚಾಲಕನೊಬ್ಬ ಬಂದು, "ಅಣ್ಣಾ, ನಿಮ್ಮ ಮಾತು ಕೇಳಿ ಮಣಿ ಹಾಕಿಸಿದೆ. ನಡುಕ ಒಂದಿಷ್ಟೂ ಕಡಿಮೆಯಾಗಿಲ್ಲ" ಎಂದ. ಚಕ್ರದ ಪಕ್ಕ ಕುಳಿತು ನೋಡಿದೆವು. ಟೈರಿನ ಪಕ್ಕದ ಗೋಡೆಯಲ್ಲಿ, ರಿಮ್ಮಿನ ಅಂಚಿಗೆ ಹತ್ತಿರ, ಸುತ್ತಲೂ ಒಂದು ತೆಳುವಾದ ಉಬ್ಬುಗೆರೆ ಇರುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಬೇಕು. ಅವನ ಟೈರಿನಲ್ಲಿ ಒಂದು ಕಡೆ ಗೆರೆ ರಿಮ್ಮಿಗೆ ತಾಗುವಂತಿತ್ತು, ಎದುರು ಕಡೆ ಕಿರುಬೆರಳಿನ ಉಗುರು ಸಲೀಸಾಗಿ ಇಳಿಯುತ್ತಿತ್ತು. ಟೈರು ರಿಮ್ಮಿನ ಮೇಲೆ ನೆಟ್ಟಗೆ ಕೂತೇ ಇರಲಿಲ್ಲ. ಗಾಳಿ ಪೂರ್ತಿ ಇಳಿಸಿ, ಅಂಚು ಬಿಡಿಸಿ, ಪೇಸ್ಟ್ ಸವರಿ ಮತ್ತೆ ಕೂರಿಸಿದ ಮೇಲೆ ನಡುಕ ನಿಂತಿತು. ಸೊಟ್ಟಗಾದ ರಿಮ್, ದುಂಡು ತಪ್ಪಿದ ಟೈರು, ಒಳಪದರ ಬಿಟ್ಟ ಟೈರು, ಸವೆದ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು), ಸಡಿಲವಾದ ಬೇರಿಂಗ್, ಸತ್ತ ಶಾಕ್ ಅಬ್ಸಾರ್ಬರ್ ಇವುಗಳಲ್ಲಿ ಯಾವುದನ್ನೂ ಮಣಿಗಳು ಸರಿಮಾಡುವುದಿಲ್ಲ. ಮೊದಲು ಚಕ್ರ ನೆಟ್ಟಗಿರಬೇಕು, ಮಣಿ ಆಮೇಲೆ.

ಇನ್ನೊಂದು ಮಿತಿಯನ್ನು ಮಾರುವವರು ಹೇಳುವುದಿಲ್ಲ. ಟೈರಿನ ಒಳಮೈ ಬಿಲ್ಲಿನಂತೆ ಬಾಗಿರುವುದರಿಂದ ಮಣಿಗಳು ಹೆಚ್ಚಾಗಿ ನಡುಭಾಗದಲ್ಲೇ ಸೇರುತ್ತವೆ. ಎಡ ಅಂಚಿನಲ್ಲಿ ಒಂದು ಕಡೆ, ಬಲ ಅಂಚಿನಲ್ಲಿ ಅದರ ಎದುರು ಕಡೆ ಭಾರ ಹೆಚ್ಚಿರುವ ಚಕ್ರ ಅಡ್ಡಡ್ಡ ಒಲೆಯುತ್ತದೆ. ಆ ದೋಷವನ್ನು ಮಣಿಗಳು ಪೂರ್ತಿ ತುಂಬಿಕೊಡಲಾರವು. ಅಲ್ಲಿ ಯಂತ್ರದ ಕೆಲಸವೇ ಮೇಲು.

ಈಗ ತೇವದ ವಿಷಯ. ಮಣಿಗಳ ಬಗ್ಗೆ ನಾನು ಕೇಳಿದ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇದು. ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ನಿಂತಿದ್ದರೆ ಗಾಳಿಯ ಜೊತೆ ಟೈರಿನೊಳಗೆ ಹೋಗುತ್ತದೆ. ಟೈರ್ ಕೂರಿಸುವಾಗ ಸೋಪು ನೀರು ಧಾರಾಳವಾಗಿ ಸುರಿದರೂ ಅಷ್ಟೇ. ಒದ್ದೆಯಾದ ಮಣಿಗಳು ಒಂದಕ್ಕೊಂದು ಅಂಟಿ ಉಂಡೆಯಾಗುತ್ತವೆ, ಉಂಡೆ ಒಂದೆಡೆ ಕಚ್ಚಿಕೊಳ್ಳುತ್ತದೆ. ಆಗ ಬ್ಯಾಲೆನ್ಸ್ ಮಾಡಬೇಕಾದದ್ದೇ ಹೊಸ ಭಾರವಾಗಿ ಕೂರುತ್ತದೆ. ದಾರಿಯಲ್ಲಿ ಪಂಕ್ಚರ್ ತಿದ್ದಿಸಿ ಸಿಕ್ಕ ಗಾಳಿ ತುಂಬಿಸಿಕೊಂಡ ನಂತರ ನನ್ನ ಒಂದು ಚಕ್ರ ಹೀಗೇ ಕಾಡಿತು. ಬಿಚ್ಚಿದಾಗ ಮಣಿಗಳು ಬೂದು ಕೆಸರಿನಂತೆ ಮೆತ್ತಿಕೊಂಡಿದ್ದವು. ಒಳಮೈಯನ್ನು ಒರೆಸಿ, ಒಣಗಿಸಿ, ಹೊಸ ಮಣಿ ಹಾಕಿದ ಮೇಲೆ ಸರಿಹೋಯಿತು. ಗಾಳಿ ತುಂಬಿಸುವ ಮೊದಲು ಟ್ಯಾಂಕಿನ ನೀರು ಬಿಡಿಸಿ ಎಂದು ಈಗ ನಿಂತು ಹೇಳುತ್ತೇನೆ, ಹೇಳಲು ಸಂಕೋಚಪಡುವುದಿಲ್ಲ. ಪಂಕ್ಚರ್ ಮುಚ್ಚುವ ದ್ರವವನ್ನಂತೂ ಮಣಿ ಇರುವ ಟೈರಿಗೆ ಎಂದಿಗೂ ಹಾಕಬಾರದು.

ವಾಲ್ವಿನ ಪಿನ್ ಕೂಡ ಬದಲಾಗಬೇಕು. ಜಾಲರಿ ಇರುವ ಪಿನ್ ಮಣಿಗಳ ಜೊತೆಯಲ್ಲೇ ಬರುತ್ತದೆ, ಅದನ್ನೇ ಹಾಕಿ. ಸಾಮಾನ್ಯ ಪಿನ್ನಿನ ಅಡಿಗೆ ಒಂದು ಮಣಿ ಸಿಕ್ಕಿಕೊಂಡರೂ ಗಾಳಿ ಸಣ್ಣಗೆ ಸೋರುತ್ತಿರುತ್ತದೆ. ಭಾರ ಹೊತ್ತ ಮುಂದಿನ ಟೈರಿಗೆ ಅದು ಅಪಾಯ. ಗಾಳಿ ಪರೀಕ್ಷಿಸುವಾಗ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ಲಾರಿ ನಿಲ್ಲಿಸಿ, ಮಣಿಗಳೆಲ್ಲ ಕೆಳಗೆ ಬಿದ್ದಿರುತ್ತವೆ. ಗೇಜ್ ಒತ್ತುವ ಮೊದಲು ಒಂದು ಕ್ಷಣ ಗಾಳಿ ಒಳಗೆ ಬಿಟ್ಟರೆ ವಾಲ್ವಿನ ಬಾಯಲ್ಲಿ ಇರುವ ಮಣಿಯೂ ಸರಿಯುತ್ತದೆ.

ಚಕ್ರ ಬಿಚ್ಚುವವರಿಗೆ ಒಳಗೆ ಮಣಿ ಇದೆ ಎಂದು ಮೊದಲೇ ಹೇಳಿ. ಹೇಳದಿದ್ದರೆ ಟೈರು ತೆರೆದ ಕೂಡಲೇ ನೆಲದ ತುಂಬ ಚೆಲ್ಲುತ್ತವೆ, ಗಟ್ಟಿ ನೆಲದ ಮೇಲೆ ಅವುಗಳ ಮೇಲೆ ಕಾಲಿಟ್ಟವನು ಜಾರುವುದು ಖಂಡಿತ. ರಿಮ್ಮಿನ ಮೇಲೆ ಬಣ್ಣದಿಂದ ಒಂದು ಗುರುತು ಬರೆಸಿರುವುದು ಇದಕ್ಕೇ. ಆ ಗುರುತು ನೋಡದೆ ಯಂತ್ರದ ಮೇಲೆ ಹಾಕಿ ತಿರುಗಿಸಿದರೆ ಪ್ರತಿ ಸಲವೂ ಬೇರೆ ಬೇರೆ ಅಂಕಿ ಬರುತ್ತದೆ, ಕೆಲಸಗಾರನ ಸಮಯವೂ ಹಾಳು. ಒಣಗಿದ ಮಣಿಗಳನ್ನು ಜರಡಿ ಹಿಡಿದು ಮತ್ತೆ ಬಳಸಬಹುದು. ನನ್ನ ಮೊದಲ ಜೊತೆಯ ಮಣಿಗಳು ಸ್ವಲ್ಪ ಮಂಕಾಗಿದ್ದವು, ಜೊತೆಗೆ ಒಂದಿಷ್ಟು ಕಪ್ಪು ಪುಡಿ ಇತ್ತು. ಟೈರಿನ ಒಳಪದರ ಮಾತ್ರ ಉಜ್ಜಿಹೋಗಿರಲಿಲ್ಲ, ರೀಸೋಲ್‌ನವರು ತಕರಾರಿಲ್ಲದೆ ತೆಗೆದುಕೊಂಡರು. ಮಣಿಗಳ ಬದಲು ಮರಳು ಹಾಕುವವರಿದ್ದಾರೆ, ಕೆಲವು ಕಡೆ ಗಾಲ್ಫ್ ಚೆಂಡುಗಳನ್ನೂ ಹಾಕುತ್ತಾರೆ. ಮರಳು ಚೂಪು ಅಂಚಿನದು, ಒಳಪದರವನ್ನು ತಿನ್ನುತ್ತದೆ. ದಯವಿಟ್ಟು ಆ ಉಳಿತಾಯ ಬೇಡ. ಕಬ್ಬಿಣದ ಗುಂಡುಗಳೂ ತೇವ ತಾಗಿದರೆ ತುಕ್ಕು ಹಿಡಿಯುತ್ತವೆ.

ಹಿಂದಿನ ಜೋಡಿ ಚಕ್ರಗಳಿಗೆ ನಾನು ಹಾಕಿಸಿಲ್ಲ. ಅಲ್ಲಿನ ಅದುರು ಕೈಗೆ ತಲುಪುವುದು ಕಡಿಮೆ, ನನ್ನ ಲಾರಿಯಲ್ಲಿ ಹಿಂದಿನ ಟೈರುಗಳು ಸವೆಯುವ ರೀತಿಗೂ ಬ್ಯಾಲೆನ್ಸಿಗೂ ಹೆಚ್ಚು ಸಂಬಂಧ ಕಾಣಲಿಲ್ಲ. ಊರೊಳಗೇ ನಿಧಾನವಾಗಿ ಓಡುವ, ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ಲಾರಿಗೂ ಇದು ಬೇಕಾಗಿಲ್ಲ, ಮಣಿಗಳಿಗೆ ಕೂರಲು ಸಮಯವೇ ಸಿಗುವುದಿಲ್ಲ. ಟೈರುಗಳನ್ನು ಪದೇ ಪದೇ ಬಿಚ್ಚಿ ಅದಲುಬದಲು ಮಾಡುವವರು ಚಕ್ರದ ಹಿಂದೆ ಬೋಲ್ಟುಗಳ ಜೊತೆ ಕೂರುವ, ಒಳಗೆ ಗುಂಡುಗಳಿರುವ ಬಳೆಯನ್ನು ನೋಡಬಹುದು. ತತ್ವ ಇದೇ, ಟೈರಿನ ಒಳಗೆ ಏನೂ ಹೋಗುವುದಿಲ್ಲ, ಒಮ್ಮೆ ಕೂರಿಸಿದರೆ ಎಷ್ಟೋ ಜೊತೆ ಟೈರುಗಳಿಗೆ ಬರುತ್ತದೆ.

ದೂರದ ದಾರಿ ಓಡುವ ಲಾರಿಯ ಮುಂದಿನ ಚಕ್ರಗಳಿಗಾದರೆ ಮಣಿಗಳನ್ನು ಧೈರ್ಯವಾಗಿ ಹಾಕಿಸಿ. ರಿಮ್ಮಿನಲ್ಲಿರುವ ಹಳೆಯ ತೂಕಗಳನ್ನು ಮೊದಲು ಕಿತ್ತು ಹಾಕಬೇಕು, ಹೊಸ ಟೈರ್ ಕೂರಿಸುವಾಗಲೇ ಮಣಿಗಳನ್ನೂ ಸುರಿಸಿಕೊಳ್ಳಬೇಕು. ಸವೆದು ತಗ್ಗು ಬಿದ್ದಿರುವ ಟೈರಿಗೆ ಹಾಕಿ ಗುಣ ಕಾಣಲಿಲ್ಲ ಎನ್ನಬೇಡಿ, ಬಿದ್ದ ತಗ್ಗನ್ನು ಯಾವ ಮಣಿಯೂ ತುಂಬುವುದಿಲ್ಲ.