ಬ್ಲೆಚ್ಲಿ ಪಾರ್ಕೋ, ಆರ್ಫರ್ಡ್ ನೆಸ್ಸೋ?

ಊರಿನಿಂದ ಬಂದಿದ್ದ ಅಪ್ಪನಿಗೆ ಬ್ರಿಟಿಷರು ಗುಟ್ಟಾಗಿ ಕೆಲಸ ಮಾಡುತ್ತಿದ್ದ ಜಾಗ ನೋಡುವ ಆಸೆ. ಒಂದೇ ಬೇಸಿಗೆಯಲ್ಲಿ ಎರಡು ಕಡೆ ಕರೆದುಕೊಂಡು ಹೋದೆ.

ತಲುಪುವ ಸುಲಭಕ್ಕೆ ಬ್ಲೆಚ್ಲಿಗೆ ಸಾಟಿಯಿಲ್ಲ. ಲಂಡನ್ನಿನ ಯೂಸ್ಟನ್‌ನಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ಆಚೀಚೆ, ಇಳಿದ ಮೇಲೆ ನಾಲ್ಕು ಹೆಜ್ಜೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಎನಿಗ್ಮಾ ಎಂಬ ಯಂತ್ರದಿಂದ ಗುಟ್ಟಾಗಿ ಕಳಿಸುತ್ತಿದ್ದ ಸಂದೇಶಗಳ ಸಂಕೇತಗಳನ್ನು ಬಿಡಿಸಿದ್ದು ಇಲ್ಲಿಯೇ. ಯುದ್ಧದ ಕೊನೆಯ ಹೊತ್ತಿಗೆ ಸುಮಾರು 9,000 ಮಂದಿ ದುಡಿಯುತ್ತಿದ್ದರು, ನಾಲ್ವರಲ್ಲಿ ಮೂವರು ಹೆಂಗಸರು. 1970ರ ದಶಕದವರೆಗೆ ಎಷ್ಟೋ ಮಂದಿ ಕಟ್ಟಿಕೊಂಡ ಗಂಡನಿಗೂ ಬಾಯಿ ಬಿಡಲಿಲ್ಲವಂತೆ. ಅಪ್ಪ ಅದನ್ನು ನಂಬಲೇ ಇಲ್ಲ! ಹಟ್ 8 ಎಂಬ ಮರದ ಕಟ್ಟಡದಲ್ಲಿ ಸಂಕೇತ ಬಿಡಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ಕೊಠಡಿ ಇದೆ. ಯಾರೂ ಎತ್ತಿಕೊಂಡು ಹೋಗದಿರಲೆಂದು ಆತ ತನ್ನ ಚಹಾ ಲೋಟವನ್ನು ರೇಡಿಯೇಟರ್‌ಗೆ ಸರಪಳಿಯಿಂದ ಬಿಗಿಯುತ್ತಿದ್ದನೆಂದು ಓದಿ ಹೇಳಿದೆ. “ನಮ್ಮ ತಾಲ್ಲೂಕು ಕಚೇರಿಯ ನೀರಿನ ಡ್ರಮ್ಮಿನ ಲೋಟದ ಹಾಗೆ” ಎಂದು ಅಪ್ಪ ನಕ್ಕರು. ಸಂಕೇತ ಬಿಡಿಸಲು ಆಗ ಕಟ್ಟಿದ ಗಣಕ ಕೊಲೊಸಸ್‌ನ ಮರುನಿರ್ಮಾಣ ಇರುವುದು ಅದೇ ಆವರಣದ ಗಣಕ ವಸ್ತುಸಂಗ್ರಹಾಲಯದಲ್ಲಿ. ಅದಕ್ಕೆ ಟಿಕೆಟ್ ಬೇರೆ, ಆದರೆ ಬಿಡಬಾರದು.

ಆರ್ಫರ್ಡ್ ನೆಸ್ ಇದಕ್ಕೆ ತದ್ವಿರುದ್ಧ. ಇಂಗ್ಲೆಂಡಿನ ಪೂರ್ವದ ಸಫಕ್ ಕರಾವಳಿಯಲ್ಲಿ ಸಮುದ್ರಕ್ಕೂ ನದಿಗೂ ನಡುವೆ ಚಾಚಿಕೊಂಡಿರುವ ಉರುಟುಗಲ್ಲಿನ ದಿಬ್ಬ ಅದು. ಕಾರು ಬೇಕು, ಮೊದಲೇ ಕಾದಿರಿಸಿದ ದೋಣಿಯೂ ಬೇಕು. ಆಚೆ ದಡದಲ್ಲಿ ಚಹಾ ಸಹ ಸಿಗದು. ಕಟ್ಟಿಕೊಂಡು ಹೋದ ಪುಳಿಯೋಗರೆಯೇ ಗತಿಯಾಯಿತು. ನೆಲದಲ್ಲಿ ಸಿಡಿಯದೆ ಉಳಿದ ಮದ್ದುಗುಂಡು ಇರಬಹುದಾದ್ದರಿಂದ ಗುರುತು ಹಾಕಿದ ದಾರಿ ಬಿಟ್ಟು ಕಾಲಿಡುವಂತಿಲ್ಲ. ಹೆಜ್ಜೆಗೊಮ್ಮೆ ಕಲ್ಲು ಜಾರಿ ಅಪ್ಪನ ಮಂಡಿ ನೋಯತೊಡಗಿತು.

ಆದರೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಜಾಗವೇ. ವಿಜ್ಞಾನಿ ರಾಬರ್ಟ್ ವಾಟ್ಸನ್-ವಾಟ್ ಅವರ ತಂಡ 1935ರಲ್ಲಿ ರೇಡಾರ್ ಪ್ರಯೋಗ ನಡೆಸಿದ್ದು ಇಲ್ಲಿ. ಮರುವರ್ಷ ಆ ತಂಡ ಹತ್ತಿರದ ಬಾಡ್ಸಿ ಎಂಬ ಊರಿಗೆ ಹೋಯಿತು. ಶೀತಲ ಸಮರದಲ್ಲಿ ಅಣುಬಾಂಬುಗಳ ಕವಚ, ಬಿಡಿಭಾಗಗಳನ್ನು ಅಲುಗಾಡಿಸಿ, ಕಾಯಿಸಿ, ಹೆಪ್ಪುಗಟ್ಟಿಸಿ ನೋಡುತ್ತಿದ್ದರು: ವಿಮಾನದಲ್ಲಿ ಹೋಗುವಾಗ ತಾನಾಗಿ ಸಿಡಿಯಬಾರದಲ್ಲ. ಆ ಪ್ರಯೋಗಾಲಯಗಳಲ್ಲಿ ಎರಡಕ್ಕೆ, ಚಾವಣಿ ಬೌದ್ಧ ಗುಡಿಯಂತೆ ಕಾಣುವುದರಿಂದ, ಜನ ಇಟ್ಟ ಹೆಸರು ಪಗೋಡಾ. ಒಳಗೆ ಸ್ಫೋಟವಾದರೆ ಹೊಡೆತ ತಡೆಯಲೆಂದು ದಪ್ಪ ಕಾಂಕ್ರೀಟ್ ಚಾವಣಿಯ ಮೇಲೆ ಉರುಟುಗಲ್ಲು ಪೇರಿಸಿದ್ದಾರೆ. ನಾವು ದೂರದಿಂದಲೇ ನೋಡಿದೆವು. ಈಗ ಜಾಗ ಹಳೆಯ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಕೈಯಲ್ಲಿದೆ. ಬಹುಪಾಲು ಕಟ್ಟಡಗಳನ್ನು ದುರಸ್ತಿ ಮಾಡದೆ ಕುಸಿಯಲು ಬಿಟ್ಟಿದ್ದಾರೆ. ಗಾಳಿ, ಕಡಲಕ್ಕಿಗಳ ಕೂಗು, ತುಕ್ಕು. ಬ್ಲೆಚ್ಲಿಯಲ್ಲಿ ಪ್ರತಿ ಮೇಜೂ ಕಥೆ ಹೇಳುತ್ತದೆ. ಇಲ್ಲಿ ನಾವೇ ಊಹಿಸಿಕೊಳ್ಳಬೇಕು.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಎರಡು ಮಾತಿಲ್ಲದೆ ಬ್ಲೆಚ್ಲಿ. ಮಳೆ ಬಂದರೂ ಚಿಂತೆಯಿಲ್ಲ. ಅಪ್ಪ ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದು ಆ ಲೋಟದ ಕಥೆಯನ್ನೇ. ನಾನು ಮಾತ್ರ ಮುಂದಿನ ಬೇಸಿಗೆಗೆ ಮತ್ತೆ ದೋಣಿ ಕಾದಿರಿಸುವವನಿದ್ದೇನೆ, ಈ ಸಲ ಒಬ್ಬನೇ.