ಸೋಫಾ ಪರಚುವ ಬೆಕ್ಕಿನ ಮರಿಗೆ ಟೇಪು, ಸ್ಪ್ರೇ, ರಟ್ಟು, ಕಂಬ: ಎಲ್ಲ ನೋಡಿದ ಮೇಲೆ ಉಳಿದದ್ದು ಕಂಬ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕತ್ತಾಳೆ ಹಗ್ಗ ಸುತ್ತಿದ ಕಂಬಕ್ಕೆ. ಆದರೆ ಅದು ಎತ್ತರ ಇರಬೇಕು, ಭಾರ ಇರಬೇಕು. ಬರೀ ಹಗ್ಗ ಸುತ್ತಿದ್ದರೆ ಸಾಲದು. ಇದನ್ನು ನಾನು ಒಂದು ಕಂಬಕ್ಕೆ ದುಡ್ಡು ಕೊಟ್ಟು ಕಳೆದುಕೊಂಡ ಮೇಲೆ ಕಲಿತೆ.

ಚಿಂಟು ಬಂದಾಗ ಎರಡು ತಿಂಗಳ ಮರಿ. ಬಂದ ವಾರದಲ್ಲೇ ಸೋಫಾದ ಎಡಗಡೆ ಮೂಲೆ ಹಿಡಿಯಿತು. ವರ್ಷಗಟ್ಟಲೆ ಉಳಿಸಿ ಕೊಂಡ ಸೋಫಾ ಅದು, ದಾರ ದಾರ ಎದ್ದು ಬಂದದ್ದು ನೋಡಿ ಹೊಟ್ಟೆ ಉರಿಯಿತು. ಬೈದೆ, ಎತ್ತಿ ಆಚೆ ಬಿಟ್ಟೆ. ನೀರು ಚಿಮುಕಿಸಿದೆ. ಅದರಿಂದ ಚಿಂಟು ಕಲಿತದ್ದು ಒಂದೇ, ನಾನು ಇಲ್ಲದಾಗ ಪರಚಬೇಕು ಅನ್ನೋದು. ನಾನು ಹಗಲೆಲ್ಲ ಕೆಲಸಕ್ಕೆ ಹೋಗುವವಳು, ಹಾಗಾಗಿ ಅದಕ್ಕೆ ಸಮಯಕ್ಕೇನೂ ಕೊರತೆ ಇರಲಿಲ್ಲ.

ಬೆಕ್ಕು ಹಠಕ್ಕೆ ಪರಚುವುದಿಲ್ಲ. ಉಗುರಿನ ಮೇಲಿನ ಹಳೇ ಪೊರೆ ಕಳಚಬೇಕು, ನಿದ್ದೆ ಮಾಡಿ ಎದ್ದಾಗ ಮೈ ಮುರಿಯಬೇಕು, ಜೊತೆಗೆ ಅಂಗಾಲಿನ ಬೆರಳ ಸಂದಿಯಲ್ಲಿರುವ ಗ್ರಂಥಿಗಳಿಂದ ತನ್ನ ವಾಸನೆ ಅಲ್ಲಿ ಬಿಡಬೇಕು. ಅಂದರೆ ಪರಚುವುದನ್ನೇ ನಿಲ್ಲಿಸೋಕೆ ಆಗುವುದಿಲ್ಲ. ಜಾಗ ಬದಲಾಯಿಸಬಹುದು ಅಷ್ಟೆ. ಈ ಲೆಕ್ಕ ತಲೆಗೆ ಹೋದ ಮೇಲೆ ನಾನು ಯಾವುದನ್ನೇ ಕೊಂಡರೂ, ಚಿಂಟುಗೆ ಇದು ಸೋಫಾಗಿಂತ ಚೆನ್ನಾಗಿ ಅನಿಸುತ್ತದಾ ಅಂತ ಮಾತ್ರ ನೋಡಿದೆ.

ಸ್ಪ್ರೇ ಕಥೆ ಬೇಗ ಮುಗಿಯುತ್ತದೆ. ನಿಂಬೆ, ಕಿತ್ತಳೆ ವಾಸನೆ ಬೆಕ್ಕಿಗೆ ಆಗುವುದಿಲ್ಲ ಅನ್ನೋದು ನಿಜ. ಚಿಂಟು ಒಂದು ದಿನ ದೂರ ಇತ್ತು, ವಾಸನೆ ಹೋದ ಮೇಲೆ ವಾಪಸ್ ಬಂತು. ಅಷ್ಟರಲ್ಲಿ ಬಾಟಲಿ ಮೇಲೆ ಕಿತ್ತಳೆ ಎಣ್ಣೆ ಅಂತ ಬರೆದಿರುವುದು ನೋಡಿದೆ. ಇಂಥ ಸುಗಂಧ ಎಣ್ಣೆಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಕರಗಿಸಿ ಹೊರಹಾಕಲಾರದು. ಅದು ಪಂಜ ನೆಕ್ಕುವ ಪ್ರಾಣಿ, ಸೋಫಾ ಮೇಲೆ ಹಾಕಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ಅವತ್ತೇ ಎಸೆದೆ. ದಯವಿಟ್ಟು ಮರಿ ಇರುವ ಮನೆಯಲ್ಲಿ ಇದನ್ನು ಬಳಸಬೇಡಿ.

ಎರಡು ಕಡೆ ಅಂಟುವ ಅಗಲದ ಟೇಪು ನಿಜಕ್ಕೂ ಕೆಲಸ ಮಾಡುತ್ತದೆ. ಪಂಜಕ್ಕೆ ಅಂಟಿದರೆ ಬೆಕ್ಕಿಗೆ ಕಿರಿಕಿರಿ, ಆ ಜಾಗ ಬಿಟ್ಟುಬಿಡುತ್ತದೆ. ಚಿಂಟು ಎಡಗಡೆ ಮೂಲೆ ಬಿಟ್ಟಿತು, ಬಲಗಡೆ ಮೂಲೆ ಹಿಡಿಯಿತು. ಅಲ್ಲಿಗೂ ಅಂಟಿಸಿದೆ, ಸೋಫಾದ ಹಿಂಭಾಗಕ್ಕೆ ಹೋಯಿತು. ಅದಕ್ಕೆ ಪರಚಲು ಬೇರೆ ಜಾಗವನ್ನೇ ನಾನು ಕೊಟ್ಟಿರಲಿಲ್ಲ ಅಲ್ವಾ, ಪಾಪ, ಅದಾದರೂ ಏನು ಮಾಡಬೇಕು? ಟೇಪಿನ ಮೇಲೆ ಕೂದಲು, ಧೂಳು ಕೂತು ವಾರದಲ್ಲೇ ಅಂಟು ಹೋಗುತ್ತದೆ. ಕಿತ್ತರೆ ಬಟ್ಟೆಯಲ್ಲಿ ಜಿಗುಟು ಉಳಿಯುತ್ತದೆ. ಚರ್ಮದ ಸೋಫಾ ಇದ್ದರೆ ಮೊದಲು ಕಾಣದ ಕಡೆ ಒಂದು ತುಂಡು ಅಂಟಿಸಿ, ಕಿತ್ತು ನೋಡಿ, ಇಲ್ಲದಿದ್ದರೆ ಮೇಲಿನ ಬಣ್ಣ ಕಿತ್ತು ಬರಬಹುದು.

ರಟ್ಟಿನ ಹಲಗೆ ಬಗ್ಗೆ ಒಳ್ಳೆಯದೇ ಹೇಳುತ್ತೇನೆ. ಪದರ ಪದರ ರಟ್ಟು ಒತ್ತಿ ಮಾಡಿದ್ದು, ನೆಲದ ಮೇಲೆ ಮಲಗಿಸಿ ಇಡುವುದು. ಎಲ್ಲಕ್ಕಿಂತ ಅಗ್ಗ. ಇಟ್ಟ ಹತ್ತು ನಿಮಿಷಕ್ಕೆ ಚಿಂಟು ಅದರ ಮೇಲೆ ಕೂತು ಕರಕರ ಅಂತ ಶುರು ಮಾಡಿತು, ನನಗೆ ಎಷ್ಟು ಖುಷಿಯಾಯಿತು ಅಂದರೆ ಸಮಸ್ಯೆ ಮುಗಿಯಿತು ಅಂತಲೇ ಅಂದುಕೊಂಡೆ. ಸಂಜೆ ನೋಡಿದರೆ ಸೋಫಾದಲ್ಲೂ ಹೊಸ ಗೆರೆ. ಮಲಗಿರುವ ರಟ್ಟಿನ ಮೇಲೆ ಬೆಕ್ಕು ಅಡ್ಡಕ್ಕೆ ಪರಚುತ್ತದೆ, ಸೋಫಾ ಮೂಲೆಯಲ್ಲಿ ಎದ್ದು ನಿಂತು ಮೇಲಿಂದ ಕೆಳಕ್ಕೆ ಎಳೆಯುತ್ತದೆ. ಅದಕ್ಕೆ ಎರಡೂ ಬೇಕು. ನಿಮ್ಮ ಮರಿ ಕಾರ್ಪೆಟ್ಟು, ಕಾಲೊರಸು ಹಾಳು ಮಾಡುತ್ತಿದ್ದರೆ ಇನ್ನೇನೂ ಕೊಳ್ಳಬೇಡಿ, ರಟ್ಟೇ ಸಾಕು. ಸೋಫಾ, ಕುರ್ಚಿ, ಬಾಗಿಲ ಚೌಕಟ್ಟು ಆದರೆ ಕಂಬ ಬೇಕು.

ಈಗ ಆ ಮೊದಲನೇ ಕಂಬ.

ನೋಡೋಕೆ ಮುದ್ದಾಗಿತ್ತು. ಒಂದೂವರೆ ಅಡಿ ಎತ್ತರ, ಕೆಳಗೆ ಚೌಕದ ತೆಳು ಹಲಗೆ, ತುದಿಯಲ್ಲಿ ಒಂದು ಚೆಂಡು ನೇತಾಡುತ್ತಿತ್ತು. ಮರಿಗಳಿಗೆ ಅಂತಲೇ ಮಾಡಿದ್ದು ಅಂತ ಬರೆದಿತ್ತು. ಎರಡು ದಿನ ಚಿಂಟು ಮೂಸಿತು, ಸ್ವಲ್ಪ ಕೆರೆಯಿತು. ಮೂರನೇ ದಿನ ಓಡಿ ಬಂದು ಅದಕ್ಕೆ ಹಾರಿತು, ಕಂಬ ಅದರ ಮೈಮೇಲೇ ಬಿತ್ತು. ಪೆಟ್ಟೇನೂ ಆಗಲಿಲ್ಲ, ಆದರೆ ಮರಿ ಹೆದರಿ ಮಂಚದ ಕೆಳಗೆ ಸೇರಿಕೊಂಡಿತು. ಆಮೇಲೆ ಒಂದು ತಿಂಗಳು ಆ ಕಂಬದ ಹತ್ತಿರ ಸುಳಿಯಲಿಲ್ಲ.

ನಾನು ಬಿಡಲಿಲ್ಲ. ಹಲಗೆ ಮೇಲೆ ಭಾರದ ಕಲ್ಲಿಟ್ಟೆ. ಆಗ ಹಲಗೆ ಅಲ್ಲಾಡುವುದು ನಿಂತಿತು, ಕಂಬ ಅಲ್ಲಾಡತೊಡಗಿತು. ತಿರುಗಿಸಿ ನೋಡಿದರೆ ಇಡೀ ಕಂಬಕ್ಕೆ ನಡುವೆ ಒಂದೇ ಒಂದು ಬೋಲ್ಟು. ಬಿಗಿ ಮಾಡುವುದು, ಎರಡು ದಿನಕ್ಕೆ ಸಡಿಲವಾಗುವುದು, ಮತ್ತೆ ಬಿಗಿ ಮಾಡುವುದು. ಹಲಗೆಯೋ ಪುಡಿ ಮರ ಒತ್ತಿ ಮಾಡಿದ್ದು, ನಾಲ್ಕನೇ ಸಲಕ್ಕೆ ತೂತೇ ಅಗಲವಾಗಿ ಬೋಲ್ಟು ಸುಮ್ನೆ ಸುತ್ತತೊಡಗಿತು. ಬೆಕ್ಕುಗಳನ್ನು ಸೆಳೆಯುವ ಕ್ಯಾಟ್‌ನಿಪ್ ಅನ್ನೋ ಒಣ ಸೊಪ್ಪು ಉದುರಿಸಿದೆ, ಚಿಂಟು ತಿರುಗಿಯೂ ನೋಡಲಿಲ್ಲ. ಮೂರರಿಂದ ಆರು ತಿಂಗಳಾಗುವವರೆಗೆ ಮರಿಗಳಿಗೆ ಅದರ ಪರಿಣಾಮ ಸಾಮಾನ್ಯವಾಗಿ ಇರುವುದಿಲ್ಲ, ಕೆಲವು ಬೆಕ್ಕುಗಳಿಗೆ ದೊಡ್ಡದಾದರೂ ಇರುವುದಿಲ್ಲ ಅಂತ ಆಮೇಲೆ ತಿಳಿಯಿತು. ಕೊನೆಗೆ ಚಿಂಟುವಿನ ಪಂಜ ಹಿಡಿದು ಕಂಬಕ್ಕೆ ಉಜ್ಜಿದೆ. ಇದು ನಾನು ಮಾಡಿದ ದೊಡ್ಡ ತಪ್ಪು. ಹೆದರಿದ ಮರಿಯನ್ನು ಬಲವಂತ ಮಾಡಿದರೆ ಆ ವಸ್ತುವಿನ ಜೊತೆ ನಮ್ಮ ಕೈಗೂ ಹೆದರುತ್ತದೆ. ಒಂದೆರಡು ದಿನ ನನ್ನ ಮಡಿಲಿಗೂ ಬರಲಿಲ್ಲ, ಅದು ನನಗೆ ಸೋಫಾಗಿಂತ ಜಾಸ್ತಿ ನೋವು ಕೊಟ್ಟಿತು. ಮಾರಿದವರನ್ನು ಕೇಳಿದರೆ ಉಗುರಿನ ಗುರುತು ಬಿದ್ದಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು. ಪರಚುವ ಕಂಬದ ಮೇಲೆ ಉಗುರಿನ ಗುರುತು ಬೀಳದೆ ಇನ್ನೇನು ಬೀಳಬೇಕು?

ಎರಡನೇ ಕಂಬಕ್ಕೆ ಎರಡು ತಿಂಗಳು ಕಾದೆ, ಯಾಕಂದರೆ ನನ್ನ ಕೈಯಲ್ಲಿ ಇನ್ನೊಂದು ಸಲ ತಪ್ಪು ಮಾಡುವಷ್ಟು ದುಡ್ಡು ಇರಲಿಲ್ಲ. ಮೂರು ಅಡಿ ಎತ್ತರ, ದೊಡ್ಡ ಬೆಕ್ಕು ಹಿಂಗಾಲ ಮೇಲೆ ನಿಂತು ಪೂರ್ತಿ ಮೈ ಚಾಚುವಷ್ಟು. ಬುಡದ ಹಲಗೆ ಒಂದೂವರೆ ಅಡಿಗಿಂತ ಅಗಲ, ಎತ್ತೋಕೆ ಎರಡೂ ಕೈ ಬೇಕು. ಕಂಬವನ್ನು ಲೋಹದ ತಟ್ಟೆ ಇಟ್ಟು ನಾಲ್ಕು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಕೊಳ್ಳುವಾಗ ತುದಿ ಹಿಡಿದು ನನ್ನ ಕಡೆಗೆ ಜೋರಾಗಿ ಎಳೆದು ನೋಡಿದೆ, ಬುಡ ಏಳಲಿಲ್ಲ. ನೀವೂ ಇದೊಂದು ಪರೀಕ್ಷೆ ಮಾಡಿ, ಬೇರೇನೂ ನೋಡದಿದ್ದರೂ ನಡೆಯುತ್ತದೆ.

ಮೊದಲು ಬಾಗಿಲ ಹಿಂದೆ ಇಟ್ಟೆ, ಓಡಾಡೋಕೆ ಅಡ್ಡ ಆಗುತ್ತದೆ ಅಂತ. ನಾಲ್ಕು ದಿನ ಚಿಂಟು ಮುಟ್ಟಲಿಲ್ಲ. ಐದನೇ ದಿನ ಸೋಫಾದ ಎಡಗಡೆ ಮೂಲೆಗೇ ತಾಗಿಸಿ ಇಟ್ಟೆ, ಸೋಫಾಕ್ಕೆ ಹೊಸ ಟೇಪು ಅಂಟಿಸಿದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಚಿಂಟು ಮಾಮೂಲಿ ಜಾಗಕ್ಕೆ ಹೋಯಿತು, ಟೇಪು ಮುಟ್ಟಿತು, ಪಂಜ ಒದರಿತು, ಪಕ್ಕದ ಕಂಬ ನೋಡಿತು. ಎದ್ದು ನಿಂತು ಎರಡೂ ಕೈ ಚಾಚಿ ಎಳೆಯಿತು. ಕಂಬ ಅಲ್ಲಾಡಲಿಲ್ಲ. ಇನ್ನೊಂದು ಸಲ ಎಳೆಯಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಮೂರು ವಾರಕ್ಕೆ ಟೇಪು ಕಿತ್ತೆ, ಆಮೇಲೆ ಸೋಫಾ ಕಡೆ ಹೋಗಿಲ್ಲ.

ಉಗುರು ಕತ್ತರಿಸುವುದನ್ನು ಇದರ ಜೊತೆ ಹೋಲಿಸಬಾರದು, ಅದು ಹೇಗೂ ಮಾಡಲೇಬೇಕು. ಎರಡು ವಾರಕ್ಕೊಮ್ಮೆ, ಚೂಪು ತುದಿ ಮಾತ್ರ. ಒಳಗೆ ಗುಲಾಬಿ ಬಣ್ಣ ಕಾಣುವ ಕಡೆ ರಕ್ತನಾಳ, ನರ ಇರುತ್ತದೆ, ಅಲ್ಲಿಗೆ ಕತ್ತರಿ ತಾಗಬಾರದು. ಉಗುರಿಗೆ ಅಂಟಿಸುವ ಪ್ಲಾಸ್ಟಿಕ್ ಟೋಪಿಯೂ ಸಿಗುತ್ತದೆ, ಉಗುರು ಬೆಳೆದಂತೆ ನಾಲ್ಕಾರು ವಾರಕ್ಕೆ ಉದುರುತ್ತದೆ, ಮತ್ತೆ ಅಂಟಿಸಬೇಕು. ನನ್ನ ದಿನಚರಿಗೆ ಅದು ಆಗದ ಮಾತು.

ಉಗುರು ತೆಗೆಸುವ ಆಪರೇಷನ್ ಬಗ್ಗೆ ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದರಲ್ಲಿ ಉಗುರಿನ ಜೊತೆ ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುತ್ತಾರೆ. ಎಷ್ಟೋ ದೇಶಗಳು ಇದನ್ನು ನಿಷೇಧಿಸಿವೆ.

ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದ್ದರೆ, ಹಗಲು ಮನೆಯಲ್ಲಿ ಇರದವರಾದರೆ, ಪುಟ್ಟ ಕಂಬ ಬಿಟ್ಟು ಒಂದೆರಡು ತಿಂಗಳು ಕಾದಾದರೂ ದೊಡ್ಡದು ತನ್ನಿ. ಅಲ್ಲಿಯವರೆಗೆ ರಟ್ಟು, ಟೇಪು ಎರಡೂ ಸೇರಿ ಹೇಗೋ ನಡೆಸುತ್ತವೆ, ನಾನೂ ಆ ಎರಡು ತಿಂಗಳು ಹಾಗೇ ದಾಟಿದೆ.

ಈಗ ಎಂಟು ತಿಂಗಳಾಯಿತು. ಕಂಬದ ಮೇಲಿನ ಅರ್ಧ ಹಗ್ಗ ನಾರು ನಾರಾಗಿದೆ. ಬಂದವರು ಎಸೆದು ಹೊಸದು ತಾ ಅನ್ನುತ್ತಾರೆ, ಚಿಂಟುಗೆ ಮಾತ್ರ ಆ ಹಳೇ ನಾರೇ ಇಷ್ಟ. ಹೊಸ ಹಗ್ಗ ತಂದಿಟ್ಟಿದ್ದೇನೆ. ಮೇಲಿನ ಅರ್ಧಕ್ಕೆ ಮಾತ್ರ ಸುತ್ತುತ್ತೇನೆ, ಕೆಳಗಿನ ಅರ್ಧದಲ್ಲಿ ಅದರ ವಾಸನೆ ಹಾಗೇ ಇರಲಿ.