ಪವರ್ ಮೀಟರ್ ಇಲ್ಲದೆ ಬರುವವರಿಂದ ಫೈಬರ್ ಹಾಕಿಸಬೇಡಿ

ಮನೆಗೆ ಹೊಸದಾಗಿ ಫೈಬರ್ ಇಂಟರ್ನೆಟ್ ಹಾಕಿಸುವವರು ಇದನ್ನೊಮ್ಮೆ ಓದಿ. ಪವರ್ ಮೀಟರ್ ಅಂದರೆ ಕರೆಂಟ್ ಮೀಟರ್ ಅಲ್ಲ, ಫೈಬರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಎಂದು ಅಳೆಯುವ ಸಾಧನ. ತುಮಕೂರಿನ ನಮ್ಮ ಮನೆಯಲ್ಲಿ ಆದದ್ದು. ಕಂಪನಿಯ ಹೆಸರು ಬೇಡ. ಕೆಲಸ ಕೆಡಿಸಿದ್ದು ಅದರ ಕೆಳಗೆ ಕೇಬಲ್ ಎಳೆಯುವ ಕಾಂಟ್ರಾಕ್ಟ್ ಹಿಡಿದವರು.

ಬಂದವರು ಇಬ್ಬರು ಹುಡುಗರು. ಕಟಿಂಗ್ ಪ್ಲೇಯರ್, ಬ್ಲೇಡು, ಇನ್ಸುಲೇಷನ್ ಟೇಪು, ಅಷ್ಟೇ ಅವರ ಸಾಮಾನು. ಒಬ್ಬ ಗ್ಲೌಸ್ ಇಲ್ಲದೆ, ಬೆಲ್ಟ್ ಇಲ್ಲದೆ ಕರೆಂಟ್ ಕಂಬ ಹತ್ತಿಬಿಟ್ಟ. ಕಂಬದಿಂದ ಮನೆಗೆ ಎಳೆಯಲು ಇವರು ತಂದಿದ್ದ ಚಪ್ಪಟೆ ಡ್ರಾಪ್ ಕೇಬಲ್‌ನಲ್ಲಿ ಬಿಗಿಗಾಗಿ ಉಕ್ಕಿನ ತಂತಿ ಇತ್ತು. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆ ತಂತಿಯಲ್ಲಿ ಹರಿಯುತ್ತದಲ್ವಾ? ಅದನ್ನು ನಮ್ಮ ಸರ್ವೀಸ್ ವೈರಿಗೆ ಒರಗುವ ಹಾಗೆ ಎಳೆದು, ತಂತಿಯ ತುದಿಯನ್ನು ಮಹಡಿಯ ಕಬ್ಬಿಣದ ಗ್ರಿಲ್‌ಗೆ ಸುತ್ತಿದರು. ಮಕ್ಕಳು ಹಿಡಿದು ನಿಲ್ಲುವ ಗ್ರಿಲ್ ಅದು. ನೆಟ್ಟಿನ ಮಾತು ಹಾಗಿರಲಿ, ಇದು ಜೀವದ ವಿಷಯ. ಮನೆಯವರೆಲ್ಲ ಕೂಗಾಡಿದ ಮೇಲೆ ಬೇರೆ ಕಡೆಯಿಂದ ಎಳೆದರು.

ಒಳಗಿನ ಕೆಲಸವೂ ಹಾಗೇ. ಫೈಬರನ್ನು ಮೊದಲು ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ತುದಿಯನ್ನು ಕ್ಲೀವರ್ ಎಂಬ ಗಾಜಿನ ಎಳೆ ಕತ್ತರಿಸುವ ಸಾಧನದಲ್ಲಿ ನೇರವಾಗಿ ಕತ್ತರಿಸಬೇಕು. ಇವರು ಪ್ಲೇಯರ್‌ನಲ್ಲಿ ಕಟ್ ಅಂತ ಮುರಿದು ಕನೆಕ್ಟರಿಗೆ ತೂರಿಸಿದರು. ಅದೂ ನೀಲಿ ಕನೆಕ್ಟರ್. ಫೈಬರ್ ಬಂದು ಸೇರುವ ನಮ್ಮ ಇಂಟರ್ನೆಟ್ ಪೆಟ್ಟಿಗೆಯ (ಮೋಡೆಮ್) ಪೋರ್ಟ್ ಹಸಿರು. ಹಸಿರಿನ ತುದಿ 8 ಡಿಗ್ರಿ ಓರೆಯಾಗಿರುತ್ತದೆ, ನೀಲಿಯದ್ದು ಓರೆ ಇಲ್ಲದ್ದು. ಎರಡನ್ನೂ ಸೇರಿಸಿದರೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿದಾಗ ಒಬ್ಬ ಫೈಬರ್ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು “ಲೈಟೇ ಬರ್ತಿಲ್ಲ ಸಾರ್” ಎಂದ! ಅದು ಇನ್‌ಫ್ರಾರೆಡ್ ಲೇಸರ್. ಬಂದರೂ ಕಾಣುವುದಿಲ್ಲ. ಕಣ್ಣಿಟ್ಟು ನೋಡಲೇಬಾರದು.

ಹೇಗೋ ಅಲ್ಲಾಡಿಸಿ ಹಸಿರು ದೀಪ ಬರಿಸಿದರು, ಫೋಟೋ ತೆಗೆದುಕೊಂಡರು, ಹೋದರು. ಒಂದು ಕನೆಕ್ಷನ್‌ಗೆ ಇಷ್ಟು ಅಂತ ಅವರಿಗೆ ದುಡ್ಡು. ಮತ್ತೆ ಬಂದು ರಿಪೇರಿ ಮಾಡಿದರೆ ಏನೂ ಇಲ್ಲ. ಆ ಹುಡುಗರ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಜಾಸ್ತಿ. ಯಾರೂ ಕಲಿಸಿಲ್ಲ, ಸಾಮಾನು ಕೊಟ್ಟಿಲ್ಲ, ಕಂಬಕ್ಕೆ ಮಾತ್ರ ಹತ್ತಿಸಿದ್ದಾರೆ.

ಆಮೇಲೆ ನೆಟ್ ದಿನವೂ ಬೀಳತೊಡಗಿತು. ಫೋನ್ ಮಾಡಿದರೆ “ರೀಸ್ಟಾರ್ಟ್ ಮಾಡಿ” ಎಂಬ ಒಂದೇ ಉತ್ತರ. ಕೊನೆಗೆ ಹಟ ಹಿಡಿದ ಮೇಲೆ ಬೇರೊಬ್ಬ ಟೆಕ್ನಿಷಿಯನ್ ಬಂದರು. ಹಿಂದೆ ಟೆಲಿಫೋನ್ ಕೇಬಲ್ ಜಾಯಿಂಟ್ ಹಾಕುತ್ತಿದ್ದವರಂತೆ. ಮೊದಲು ಬ್ಯಾಗಿನಿಂದ ತೆಗೆದದ್ದೇ ಪವರ್ ಮೀಟರ್. ಮೈನಸ್ 29 ಡಿಬಿಎಂ. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಾದಷ್ಟೂ ಬೆಳಕು ಕಡಿಮೆ. ಇಂಥ ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ಮೈನಸ್ 27 ಕೊನೆಯ ಗಡಿ ಎಂದರು. ಕಿಟಕಿಯ ಕೀಲಿನಲ್ಲಿ ಮಡಿಚಿ ಹೋಗಿದ್ದ ಕೇಬಲ್ ಬಿಡಿಸಿದರು, ಅಂಗೈ ಅಗಲದ ಸುರುಳಿ ಮಾಡಿದರು, ಸ್ಪ್ಲೈಸಿಂಗ್ ಮಷೀನಿನಲ್ಲಿ ಗಾಜು ಕರಗಿಸಿ ಹಸಿರು ಕನೆಕ್ಟರ್‌ನ ತುಂಡು ಕೂಡಿಸಿದರು. ಮತ್ತೆ ಮೀಟರ್ ಇಟ್ಟಾಗ ಮೈನಸ್ 19. ಹತ್ತರ ವ್ಯತ್ಯಾಸ ಅಂದರೆ ಹತ್ತು ಪಟ್ಟು ಬೆಳಕು.

ಮೇಲಿನ ರೂಮಿಗೆ ಹುಡುಗರು ಎಳೆದಿದ್ದ ಲ್ಯಾನ್ ವೈರನ್ನೂ ಈ ಟೆಕ್ನಿಷಿಯನ್ನೇ ಬ್ಲೇಡಿನಿಂದ ಕೆರೆದು ತೋರಿಸಿದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಬಿಲ್ಲಿನಲ್ಲಿ ಮಾತ್ರ ತಾಮ್ರದ್ದೇ ರೇಟು. ನೀವೂ ಎಳೆಸುವ ಮುಂಚೆ ಒಂದು ತುಂಡು ಕೆರೆದು ನೋಡಿ.

ಕನೆಕ್ಷನ್ ಹಾಕಲು ಬಂದವರನ್ನು ಬಾಗಿಲಲ್ಲೇ ಕೇಳಿ: ಪವರ್ ಮೀಟರ್ ಇದೆಯಾ, ಕ್ಲೀವರ್ ಇದೆಯಾ? “ಆಫೀಸಲ್ಲಿದೆ” ಎಂದರೆ ತಂದ ಮೇಲೆ ಶುರು ಮಾಡಲಿ. ಕಂಬ ಹತ್ತುವವನಿಗೆ ಬೆಲ್ಟ್ ಇಲ್ಲದಿದ್ದರೆ ಹತ್ತಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಸ್ಪೀಡ್ ಟೆಸ್ಟ್ ತೋರಿಸುತ್ತಾರೆ, ಅದು ಸಾಲದು. ಮೀಟರ್ ರೀಡಿಂಗ್‌ನ ಫೋಟೋ ತೆಗೆದಿಡಿ. ಎಷ್ಟೋ ಪೆಟ್ಟಿಗೆಗಳ ಸೆಟ್ಟಿಂಗ್ ಪುಟದಲ್ಲೂ ಆರ್‌ಎಕ್ಸ್ ಪವರ್ ಅಂತ ಈ ಸಂಖ್ಯೆ ಸಿಗುತ್ತದೆ. ದೂರು ಕೊಡುವಾಗ “ನೆಟ್ ಸ್ಲೋ” ಅನ್ನಬೇಡಿ. “ಮೈನಸ್ 29 ಬರುತ್ತಿದೆ, ಸ್ಪ್ಲೈಸಿಂಗ್ ಮಷೀನ್ ಇರುವವರನ್ನೇ ಕಳಿಸಿ” ಅನ್ನಿ.